ಘಟನೆ: ಇಲ್ಲ

ತ್ಸಾಲ್ಕಾ ಬಯಲಿನಲ್ಲಿ ನನ್ನ ಕೆಲಸ ಇಷ್ಟೇ:
ಬೆಳಗಾದರೆ ಬೂದುಗುದುರೆಗೆ ಜೀನು ಬಿಗಿದು
ಹದಿನೇಳನೆಯ ಕಂಬದಿಂದ ನಲವತ್ತೊಂದರವರೆಗೆ
ಕಣ್ಣಿಗೆ ಕಾಣದ್ದರ ಮೇಲೆ ಸವಾರಿ.
ಕುದುರೆಯ ಹೆಸರು ಲುರ್ಜಾ.
ಕಂಬಗಳು ಹಳದಿ. ಹಿಮದಲ್ಲಿ ಕತ್ತಿನವರೆಗೆ ಹೂತು
ತಲೆ ಮಾತ್ರ ತೋರಿಸುತ್ತವೆ.

ಎರಡು ಮೊಳ ಕೆಳಗೆ ಕೊಳವೆ.
ಅದನ್ನು ಇಳಿಸಿದ ಬೇಸಿಗೆ ನಾನಿಲ್ಲೇ ಇದ್ದೆ.
ಒಂದೊಂದು ಬೆಸುಗೆಗೂ ಎಕ್ಸ್‌ರೇ ಹಿಡಿದರು,
ಕೆಮ್ಮುವವನ ಎದೆಗೂಡಿಗೆ ಹಿಡಿಯುವ ಹಾಗೆ.
ಮೈಗುಂಟ ಸುರುಳಿ ತಂತಿ ಎಳೆದರು;
ಲೇಪದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ
ಕೀ ಎಂದು ಕಿರುಚುವ ತಂತಿ.
ಒಂದು ಕಡೆ ಕಿರುಚಿತು.
ಆ ಚುಕ್ಕೆಗಾಗಿ ನಲವತ್ತು ಜನ, ಎರಡು ಕ್ರೇನು
ಇಡೀ ಮಧ್ಯಾಹ್ನ ಕೈಕಟ್ಟಿ ನಿಂತವು.
ನಾವು ಊರವರು ಬೇಲಿಯಾಚೆ ನಕ್ಕೆವು.

ಇಲ್ಲಿ ಹರಿಯುವ ಅನಿಲಕ್ಕೆ ವಾಸನೆ ಇಲ್ಲ.
ಊರಿನ ಒಲೆಗೆ ಇಳಿಯುವ ಮೊದಲು
ಕೊಳೆತ ಮೊಟ್ಟೆಯ ನಾತ ಬೆರೆಸುತ್ತಾರಂತೆ,
ನಿದ್ದೆಗಣ್ಣಿನ ಹೆಂಗಸಿಗೂ ಗೊತ್ತಾಗಲೆಂದು.
ಬಯಲಿಗೆ ಆ ಕರುಣೆ ಇಲ್ಲ.
ಹಾಗಾಗಿ ಹುಲ್ಲು ನೋಡುತ್ತೇನೆ:
ಜೂನ್ ಹಸಿರಿನ ನಡುವೆ ತಟ್ಟೆಯಗಲ ಕಂದು ಕಂಡರೆ ಇಳಿಯುತ್ತೇನೆ.
ಹೊಂಡದ ನೀರಲ್ಲಿ ಗುಳ್ಳೆ. ಹೊಸ ಟೈರಿನ ಅಚ್ಚು.
ಯಾರೋ ರಾತ್ರಿ ಹೊಡೆದ ಗೂಟ.
ಲುರ್ಜಾಳ ಕಿವಿ.

ಲಾಮಾರಾ ಪ್ರತಿ ವಸಂತದಲ್ಲೂ ಕೇಳುತ್ತಾಳೆ:
ಒಂದೇ ಒಂದು ಸೇಬಿನ ಸಸಿ, ಜುಂಬೆರ್,
ಬೇರಿಗೆ ಬುದ್ಧಿ ಹೇಳಿ ನೆಡುತ್ತೇನೆ.
ಬಟಾಟೆ ಹಾಕು ಅನ್ನುತ್ತೇನೆ.

ಫೆಬ್ರವರಿಯಲ್ಲಿ ನೋದರ್ ಸತ್ತ.
ನೆಲ ಕಬ್ಬಿಣವಾಗಿತ್ತು. ಹಾರೆ ಹೊಡೆದರೆ ಕಿಡಿ.
ಮಗ ಬಾದ್ರಿ ಯಾರಿಂದಲೋ ಅಗೆಯುವ ಯಂತ್ರ ತಂದ.
ಗೋರಿದಿಬ್ಬದಲ್ಲಿ, ಅಜ್ಜಿಯ ಕಲ್ಲಿನ ಪಕ್ಕ,
ಇಪ್ಪತ್ತೊಂಬತ್ತನೆಯ ಕಂಬಕ್ಕೆ ತೀರ ಹತ್ತಿರ
ಅದರ ತೋಳು ಆಕಾಶಕ್ಕೆ ಏರಿದ್ದು
ದೂರದಿಂದ ಕಂಡೆ.
ಕುದುರೆ ಓಡಿಸಿದ್ದು ನೆನಪಿಲ್ಲ.
ನೆನಪಿರುವುದು ಬಕೆಟ್ಟಿನ ಹಲ್ಲು,
ಅದರ ಕೆಳಗೆ ಲುರ್ಜಾಳ ಬಿಸಿಯುಸಿರು.

ನಿಲ್ಲಿಸು ಅಂದೆ.
ಅಪ್ಪನಿಗೆ ಆರಡಿ ಮೂರಡಿ ಜಾಗ ಕೊಡದವನೇ, ಅಂದ.
ಒತ್ತಡದ ಲೆಕ್ಕ ನನ್ನ ನಾಲಗೆಯಲ್ಲಿತ್ತು, ಪಾಠ ಒಪ್ಪಿಸಿದ ಹಾಗೆ.
ಹೆಣ ಮನೆಯಲ್ಲಿಟ್ಟು ಬಂದವನಿಗೆ ಯಾವ ಲೆಕ್ಕ ಹೇಳಲಿ?
ನಿನ್ನಪ್ಪನೇ ಇದಕ್ಕೆ ಮಣ್ಣು ಹಾಕಿದವನು ಅಂದೆ.
ಮೊದಲು ಜರಡಿ ಹಿಡಿದ ಮಣ್ಣು, ಒಂದು ಕಲ್ಲೂ ತಾಗದಂತೆ,
ಆಮೇಲೆ ಎಚ್ಚರಿಕೆಯ ಪಟ್ಟಿ, ಆಮೇಲೆ ಉಳಿದದ್ದು.
ಅವನು ಬೈದ. ನನ್ನ ತಾಯಿಯನ್ನೂ ಕುದುರೆಯ ತಾಯಿಯನ್ನೂ.
ಆದರೆ ಕೀಲಿ ತಿರುಗಿಸಿದ.

ಪೆಟ್ಟಿಗೆ ಹಿಡಿದ ಇಬ್ಬರು ಜೀಪಿನಲ್ಲಿ ಬಂದರು,
ಹಿಮದ ಮೇಲೆ ಕೆಂಪು ಗೆರೆ ಬಳಿದರು.
ಬಕೆಟ್ಟಿಗೂ ಗೆರೆಗೂ ನಾಲ್ಕು ಮಾರು.
ನೋಡಿದೆಯಾ, ಏನೂ ಆಗುತ್ತಿರಲಿಲ್ಲ, ಅಂದ ಬಾದ್ರಿ.
ಇರಬಹುದು ಅಂದೆ.
ಹಾಗಂದದ್ದಕ್ಕೆ ಇನ್ನಷ್ಟು ಸಿಟ್ಟಾದ.

ಬೆಂಕಿ ಹಾಕಿ ನೆಲ ಕರಗಿಸೋಣ ಅಂದರು. ಅದಕ್ಕೂ ಬೇಡ ಅಂದೆ.
ಹನ್ನೆರಡು ಹೆಜ್ಜೆ ಮೇಲೆ, ಗುದ್ದಲಿ ಹಾರೆ ಹಿಡಿದು,
ನಸುಕಿನವರೆಗೆ ಅಗೆದೆವು. ನಾನೂ ಅಗೆದೆ.
ನನ್ನ ಪಾಲಿನ ಮೂಲೆ ಸೊಟ್ಟಗಾಯಿತು.
ಊಟದ ಮನೆಯಲ್ಲಿ ರೊಟ್ಟಿಯ ಮೇಲೆ ಸತ್ತವನಿಗೆ ವೈನು ಹನಿಸಿ
ಲೋಟ ಕೈಯಿಂದ ಕೈಗೆ ಬಂತು.
ನನ್ನ ಪಕ್ಕದವನಿಗೆ ಬಂತು.

ದಿನಚರಿಯಲ್ಲಿ ಬರೆದೆ:
ಕಂಬ ೨೯. ಅಗೆತ ಕಂಡಿತು. ನಿಲ್ಲಿಸಲಾಯಿತು. ಘಟನೆ: ಇಲ್ಲ.
ಕೆಳಗೆ ಎರಡು ಗೆರೆ ಖಾಲಿ ಉಳಿದವು.

ಈಗ ಜೂನ್.
ನೋದರ್‌ನ ಮೇಲೆ ಹುಲ್ಲು ಹಸಿರು.
ಕೊಳವೆಯ ಮೇಲೂ ಹಸಿರು, ಬಗ್ಗಿ ನೋಡಿದೆ.
ಅವನಿಗೂ ಅವನ ತಾಯಿಗೂ ನಡುವೆ ಹನ್ನೆರಡು ಹೆಜ್ಜೆ.
ಲುರ್ಜಾ ಅದನ್ನು ಐದರಲ್ಲಿ ದಾಟುತ್ತಾಳೆ.
ನಾನು ಅಲ್ಲಿ ಇಳಿದು ನಡೆಯುತ್ತೇನೆ.